ಘಾತಾಂಕದಲ್ಲಿ ಅವ್ಯಕ್ತವಿರುವ ಸಮೀಕರಣಗಳನ್ನು ಬಿಡಿಸುವ ಬಗೆ

ಯ^3 = 64 ಎಂಬ ಸಮೀಕರಣಕ್ಕೂ 3^ಯ = 81 ಎಂಬ ಸಮೀಕರಣಕ್ಕೂ ಮೇಲ್ನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣದಿದ್ದರೂ ಎರಡನ್ನೂ ಬಿಡಿಸುವ ದಾರಿ ಬೇರೆ ಬೇರೆ. ಮೊದಲನೆಯದರಲ್ಲಿ ಅವ್ಯಕ್ತವು, ಅಂದರೆ ನಾವು ಕಂಡುಹಿಡಿಯಬೇಕಾದ ಸಂಖ್ಯೆಯಾದ ಯ, ಆಧಾರದ ಸ್ಥಾನದಲ್ಲಿದೆ; ಎರಡೂ ಕಡೆ ಘನಮೂಲ ತೆಗೆದರೆ ಯ = 4 ಎಂದು ಕೆಲಸ ಮುಗಿಯುತ್ತದೆ. ಎರಡನೆಯದರಲ್ಲಿ ಅವ್ಯಕ್ತವು ಘಾತಾಂಕದ ಸ್ಥಾನದಲ್ಲಿದೆ. ಅಲ್ಲಿಂದ ಅದನ್ನು ಕೆಳಗಿಳಿಸಲು ಕೂಡುವುದು, ಕಳೆಯುವುದು, ಮೂಲ ತೆಗೆಯುವುದು ಯಾವುದೂ ನೇರವಾಗಿ ನೆರವಾಗುವುದಿಲ್ಲ. ಈ ಎರಡನೆಯ ಬಗೆಯ ಸಮೀಕರಣಗಳನ್ನು ಪ್ರೌಢಶಾಲೆಯ ಬೀಜಗಣಿತ ಬಲ್ಲವರು ಹೇಗೆ ಬಿಡಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬರವಣಿಗೆಯ ಬಗ್ಗೆ ಮೊದಲೇ ಎರಡು ಮಾತು. ಶಾಲೆಯ ಪುಸ್ತಕಗಳಲ್ಲಿ ಅವ್ಯಕ್ತಕ್ಕೆ ಇಂಗ್ಲಿಷಿನ ಎಕ್ಸ್ ಅಕ್ಷರವನ್ನು ಬಳಸುವ ಕಡೆ ಇಲ್ಲಿ 'ಯ' ಎಂದು ಬರೆದಿದೆ. ಭಾಸ್ಕರಾಚಾರ್ಯರು 12ನೆಯ ಶತಮಾನದಲ್ಲಿ ಅವ್ಯಕ್ತ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು 'ಯಾ' ಎಂಬ ಮೊದಲಕ್ಷರದಿಂದಲೇ ಸೂಚಿಸಿದ್ದರಾದ್ದರಿಂದ ಇದು ಹೊಸ ರೂಢಿಯೇನಲ್ಲ. ^ ಗುರುತಿನ ಮುಂದೆ ಇರುವುದು ಘಾತಾಂಕ. ಘಾತಾಂಕದಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿದ್ದರೆ ಅವುಗಳನ್ನು ಆವರಣದಲ್ಲಿ ಇಟ್ಟಿದೆ. ಹಾಗಾಗಿ 2^(ಯ+1) ಎಂದರೆ ಯ+1 ಪೂರ್ತಿಯಾಗಿ ಘಾತಾಂಕ, 2^ಯ + 1 ಎಂದರೆ 2^ಯ ಎಂಬುದಕ್ಕೆ ಒಂದನ್ನು ಕೂಡಿದ ಮೊತ್ತ. ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋದರೆ ಮುಂದಿನ ಎಲ್ಲ ಹಂತಗಳೂ ಹಾಳು.

ಇಡೀ ವಿಧಾನ ನಿಂತಿರುವ ಒಂದು ನಿಯಮ

ಅ^ಕ = ಅ^ಖ ಆಗಿದ್ದರೆ ಕ = ಖ ಎಂಬುದೇ ಆ ನಿಯಮ. ಆಧಾರಗಳು ಒಂದೇ ಆದಾಗ ಘಾತಾಂಕಗಳನ್ನು ಸಮ ಮಾಡಬಹುದು ಎಂದು ಇದನ್ನು ತರಗತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಇದರ ಜೊತೆಗಿರುವ ಷರತ್ತನ್ನು ಬಹಳ ಮಂದಿ ಮರೆತುಬಿಡುತ್ತಾರೆ: ಅ ಎಂಬುದು ಧನಸಂಖ್ಯೆಯಾಗಿರಬೇಕು, ಮತ್ತು ಅದು 1 ಆಗಿರಬಾರದು. 1^5 ಮತ್ತು 1^7 ಎರಡೂ 1 ಆಗಿರುವುದರಿಂದ 5 ಮತ್ತು 7 ಸಮವೆನ್ನಲಾಗದು. (-1)^2 ಮತ್ತು (-1)^4 ಕೂಡ ಒಂದೇ, 0^2 ಮತ್ತು 0^3 ಕೂಡ ಒಂದೇ. ಈ ಮೂರು ಆಧಾರಗಳು ನಿಯಮವನ್ನು ಮುರಿಯುತ್ತವೆ. ಇವು ಎಲ್ಲಿ ತೊಂದರೆ ಕೊಡುತ್ತವೆ ಎಂಬುದು ಮುಂದೆ ಬರುತ್ತದೆ.

ಷರತ್ತು ಪಾಲಿಸಿದಾಗ ನಿಯಮ ಏಕೆ ಸರಿ ಎಂಬುದನ್ನು ಒಂದೆರಡು ಸಾಲಿನಲ್ಲಿ ತೋರಿಸಬಹುದು. ಅ^ಕ = ಅ^ಖ ಎಂಬುದರ ಎರಡೂ ಬದಿಗಳನ್ನು ಅ^ಖ ದಿಂದ ಭಾಗಿಸಿದರೆ ಅ^(ಕ-ಖ) = 1 ಎಂದಾಗುತ್ತದೆ. ಅ ಎಂಬುದು 1ಕ್ಕಿಂತ ದೊಡ್ಡದಾಗಿದ್ದರೆ ಧನ ಘಾತಾಂಕ ಇಟ್ಟಾಗ ಬೆಲೆ 1ಕ್ಕಿಂತ ಹೆಚ್ಚಾಗುತ್ತದೆ, ಋಣ ಘಾತಾಂಕ ಇಟ್ಟಾಗ 1ಕ್ಕಿಂತ ಕಡಿಮೆಯಾಗುತ್ತದೆ. ಸರಿಯಾಗಿ 1 ಬರಬೇಕಾದರೆ ಘಾತಾಂಕ ಸೊನ್ನೆಯೇ ಆಗಿರಬೇಕು. ಅ ಎಂಬುದು 0 ಮತ್ತು 1ರ ನಡುವಿನ ಭಿನ್ನರಾಶಿಯಾಗಿದ್ದರೆ ಹೆಚ್ಚು ಕಡಿಮೆಗಳು ಅದಲುಬದಲಾಗುತ್ತವೆ, ತೀರ್ಮಾನ ಮಾತ್ರ ಅದೇ. ಇದರ ಜೊತೆಗೆ ಇನ್ನೊಂದು ಮಾತೂ ನೆನಪಿನಲ್ಲಿರಬೇಕು: ಧನ ಆಧಾರದ ಮೇಲೆ ಯಾವ ಘಾತಾಂಕ ಇಟ್ಟರೂ ಫಲ ಧನಸಂಖ್ಯೆಯೇ. ಆದ್ದರಿಂದ 2^ಯ = 0 ಎಂಬುದಕ್ಕೂ 2^ಯ = -8 ಎಂಬುದಕ್ಕೂ ಪರಿಹಾರವಿಲ್ಲ. ಎರಡನೆಯದಕ್ಕೆ ಯ = -3 ಎಂದು ಬರೆಯುವವರು 2^(-3) ಎಂದರೆ 1/8 ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು.

ಎರಡೂ ಬದಿಗಳನ್ನು ಒಂದೇ ಆಧಾರಕ್ಕೆ ತರುವುದು

ಯಾವುದೇ ಲೆಕ್ಕ ಎದುರಾದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ಇಲ್ಲಿರುವ ಸಂಖ್ಯೆಗಳೆಲ್ಲವೂ ಯಾವುದಾದರೂ ಒಂದು ಸಣ್ಣ ಸಂಖ್ಯೆಯ ಘಾತಗಳೇ? ಇದಕ್ಕೆ ಉತ್ತರ ತಟ್ಟನೆ ಹೊಳೆಯಬೇಕಾದರೆ 2ರ ಘಾತಗಳು 1024ರವರೆಗೆ, 3ರ ಘಾತಗಳು 729ರವರೆಗೆ, 5ರ ಘಾತಗಳು 3125ರವರೆಗೆ, 7ರ ಘಾತಗಳು 343ರವರೆಗೆ ಬಾಯಿಪಾಠವಾಗಿರಬೇಕು. ಬಾಯಿಪಾಠವನ್ನು ಹಗುರವಾಗಿ ಕಾಣುವವರೂ ಇಲ್ಲಿ ಅದಕ್ಕೆ ವಿನಾಯಿತಿ ಕೊಡುವುದು ಒಳ್ಳೆಯದು. 243 ಎಂದ ಕೂಡಲೇ 3^5 ಎಂದು ಕಾಣದಿದ್ದರೆ ನಿಯಮ ಗೊತ್ತಿದ್ದೂ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ನೆನಪು ಕೈಕೊಟ್ಟಾಗ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು.

ಸರಳವಾದ ಉದಾಹರಣೆ 2^(ಯ+3) = 64. ಬಲಭಾಗ 2^6 ಆದ್ದರಿಂದ ಯ+3 = 6, ಯ = 3. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು 4^(ಯ-1) = 8^(ಯ-3). ಇಲ್ಲಿ 4 ಮತ್ತು 8 ಒಂದು ಇನ್ನೊಂದರ ಪೂರ್ಣಾಂಕ ಘಾತವಲ್ಲ, ಆದರೆ ಎರಡೂ 2ರ ಘಾತಗಳು. ಘಾತದ ಮೇಲೆ ಘಾತ ಬಂದಾಗ ಘಾತಾಂಕಗಳನ್ನು ಗುಣಿಸಬೇಕಾದ್ದರಿಂದ ಎಡಭಾಗ 2^(2ಯ-2) ಆಗುತ್ತದೆ, ಬಲಭಾಗ 2^(3ಯ-9) ಆಗುತ್ತದೆ. 2ಯ-2 = 3ಯ-9 ಎಂಬುದರಿಂದ ಯ = 7. ತಾಳೆ ನೋಡಿದರೆ 4^6 ಕೂಡ 4096, 8^4 ಕೂಡ 4096. ಈ ಲೆಕ್ಕದಲ್ಲಿ ತಪ್ಪು ನುಸುಳುವುದು ಬಹುಮಟ್ಟಿಗೆ ಒಂದೇ ಕಡೆ: 2 × (ಯ-1) ಎಂಬುದನ್ನು 2ಯ-1 ಎಂದು ಬರೆಯುವುದು. ಘಾತಾಂಕವನ್ನು ಆವರಣ ಸಮೇತ ಇಳಿಸಿಕೊಂಡು ಆಮೇಲೆ ಗುಣಿಸಿದರೆ ಈ ತಪ್ಪು ಆಗುವುದಿಲ್ಲ.

ಭಿನ್ನರಾಶಿ, ದಶಮಾಂಶ, ವರ್ಗಮೂಲಗಳು ಬಂದಾಗ ಹೆದರಬೇಕಾಗಿಲ್ಲ. ಛೇದದಲ್ಲಿರುವ ಘಾತವನ್ನು ಮೇಲೆ ತಂದರೆ ಘಾತಾಂಕ ಋಣವಾಗುತ್ತದೆ, ವರ್ಗಮೂಲವೆಂದರೆ ಘಾತಾಂಕ 1/2. 5^(2ಯ-1) = 1/125 ಎಂಬಲ್ಲಿ ಬಲಭಾಗ 5^(-3); ಹಾಗಾಗಿ 2ಯ-1 = -3, ಯ = -1. (0.25)^ಯ = 32 ಎಂಬಲ್ಲಿ 0.25 ಎಂದರೆ 1/4, ಅಂದರೆ 2^(-2); ಹಾಗಾಗಿ -2ಯ = 5, ಯ = -5/2. ಉತ್ತರ ಋಣವಾಗಿರುವುದರಲ್ಲಿ ಅಚ್ಚರಿಯೇನಿಲ್ಲ: 1ಕ್ಕಿಂತ ಚಿಕ್ಕ ಸಂಖ್ಯೆಯ ಮೇಲೆ ಧನ ಘಾತಾಂಕ ಇಟ್ಟು 32ರಷ್ಟು ದೊಡ್ಡ ಸಂಖ್ಯೆಯನ್ನು ಪಡೆಯುವುದು ಸಾಧ್ಯವೇ ಇರಲಿಲ್ಲ. ಲೆಕ್ಕ ಆರಂಭಿಸುವ ಮೊದಲೇ ಉತ್ತರ ಧನವೋ ಋಣವೋ, ಸುಮಾರು ಎಷ್ಟಿರಬಹುದು ಎಂದು ಹೀಗೆ ಅಂದಾಜು ಮಾಡಿಕೊಳ್ಳುವ ಅಭ್ಯಾಸ ಬಹಳ ಉಪಯುಕ್ತ.

ಆಧಾರಗಳು ಸಮವಾದ ಮೇಲೆ ಉಳಿಯುವುದು ಸಾಮಾನ್ಯ ಬೀಜಗಣಿತ. ಅದು ಕೆಲವೊಮ್ಮೆ ವರ್ಗ ಸಮೀಕರಣವೂ ಆಗಿರಬಹುದು. 3^(ಯ^2) = 9^(ಯ+4) ಎಂಬುದು ಯ^2 = 2ಯ+8 ಆಗಿ, (ಯ-4)(ಯ+2) = 0 ಎಂದು ಅಪವರ್ತನಗೊಂಡು, 4 ಮತ್ತು -2 ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. ಬಲಭಾಗದಲ್ಲಿ ಬರೀ 1 ಇದ್ದರೆ ಅದನ್ನು ಬೇಕಾದ ಆಧಾರದ ಸೊನ್ನೆಯ ಘಾತ ಎಂದು ಓದಿಕೊಳ್ಳಬೇಕು. 5^(ಯ-2) = 7^(ಯ-2) ಎಂಬಲ್ಲಿ ಆಧಾರಗಳು ಬೇರೆ, ಘಾತಾಂಕ ಒಂದೇ; ಬಲಭಾಗದಿಂದ ಭಾಗಿಸಿದರೆ (5/7)^(ಯ-2) = 1 ಎಂದಾಗಿ ಯ = 2 ಎಂಬ ಉತ್ತರ ಬರುತ್ತದೆ.

ಗುಣಕಗಳನ್ನು ಮೊದಲು ಬೇರ್ಪಡಿಸಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. 2 × 3^ಯ = 54 ಎಂಬಲ್ಲಿ 2 ಮತ್ತು 3ನ್ನು ಗುಣಿಸಿ 6^ಯ ಮಾಡುವಂತಿಲ್ಲ, ಏಕೆಂದರೆ ಘಾತಾಂಕ 3ರ ಮೇಲೆ ಮಾತ್ರ ಇದೆ. 2ರಿಂದ ಭಾಗಿಸಿ 3^ಯ = 27 ಮಾಡಿಕೊಂಡರೆ ಯ = 3. ಅದೇ 2^ಯ × 3^ಯ = 216 ಎಂದಿದ್ದರೆ ಎರಡಕ್ಕೂ ಒಂದೇ ಘಾತಾಂಕವಿರುವುದರಿಂದ 6^ಯ = 6^3 ಎಂದು ಬರೆಯಬಹುದು.

ಒಂಬತ್ತನೆಯ ಶತಮಾನದ ಒಂದು ಲೆಕ್ಕ

ಘಾತಾಂಕವನ್ನು ಹುಡುಕುವ ಪ್ರಶ್ನೆ ಕನ್ನಡ ನೆಲದಲ್ಲಿ ಬಹಳ ಹಿಂದೆಯೇ ಕೇಳಿಬಂದಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತ, ಮೊದಲ ಪದ ಮತ್ತು ಗುಣಕವನ್ನು ಕೊಟ್ಟು ಪದಗಳ ಸಂಖ್ಯೆಯನ್ನು ಕಂಡುಹಿಡಿಯುವ ವಿಧಿಯಿದೆ. ಗುಣಕದಲ್ಲಿ ಒಂದನ್ನು ಕಳೆದು ಅದರಿಂದ ಮೊತ್ತವನ್ನು ಗುಣಿಸಬೇಕು, ಬಂದದ್ದನ್ನು ಮೊದಲ ಪದದಿಂದ ಭಾಗಿಸಬೇಕು, ಅದಕ್ಕೆ ಒಂದನ್ನು ಕೂಡಬೇಕು. ಹೀಗೆ ದೊರೆತ ಸಂಖ್ಯೆಯನ್ನು ಗುಣಕದಿಂದ ಎಷ್ಟು ಸಲ ಭಾಗಿಸಬಹುದೋ ಅಷ್ಟೇ ಪದಗಳು.

ಒಂದು ಲೆಕ್ಕ ಹಾಕಿ ನೋಡೋಣ. ಮೊದಲ ದಿನ 3 ನಾಣ್ಯ, ಆಮೇಲೆ ದಿನಕ್ಕೆ ಎರಡರಷ್ಟು ಎಂಬಂತೆ ಕೊಡುತ್ತಾ ಹೋದಾಗ ಒಟ್ಟು 381 ನಾಣ್ಯಗಳಾದವು ಎಂದಿಟ್ಟುಕೊಳ್ಳಿ. ಗುಣಕ 2; ಅದರಲ್ಲಿ ಒಂದು ಕಳೆದರೆ 1; 381 × 1 = 381; ಮೊದಲ ಪದ 3ರಿಂದ ಭಾಗಿಸಿದರೆ 127; ಒಂದು ಕೂಡಿದರೆ 128. ಇದನ್ನು 2ರಿಂದ ಭಾಗಿಸುತ್ತಾ ಹೋದರೆ 64, 32, 16, 8, 4, 2, 1 ಎಂದು ಏಳು ಸಲಕ್ಕೆ ಒಂದಕ್ಕೆ ಬಂದು ನಿಲ್ಲುತ್ತದೆ. ಅಂದರೆ ಏಳು ದಿನ. ಇಂದಿನ ಬರವಣಿಗೆಯಲ್ಲಿ ಇದು 2^ಯ = 128 ಎಂಬ ಸಮೀಕರಣವೇ. ಮತ್ತೆ ಮತ್ತೆ ಭಾಗಿಸುವ ಈ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ: 2187 ಎಂಬುದು 3ರ ಎಷ್ಟನೆಯ ಘಾತ ಎಂಬ ಸಂಶಯ ಬಂದರೆ 3ರಿಂದ ಭಾಗಿಸುತ್ತಾ ಎಣಿಸಿದರಾಯಿತು.

ಕೂಡುವಿಕೆ ಬಂದಾಗ

ಹೆಚ್ಚು ಅಂಕಗಳು ಕಳೆದುಹೋಗುವುದು ಇಲ್ಲಿ. 3^(ಯ+2) + 3^ಯ = 90 ಎಂಬ ಸಮೀಕರಣವನ್ನು ಕಂಡ ಕೂಡಲೇ ಘಾತಾಂಕಗಳನ್ನು ಕೂಡಿ 3^(2ಯ+2) = 90 ಎಂದು ಬರೆಯುವ ಚಪಲ ಹುಟ್ಟುತ್ತದೆ. ಘಾತಾಂಕಗಳನ್ನು ಕೂಡುವ ನಿಯಮ ಗುಣಾಕಾರಕ್ಕೆ ಮಾತ್ರ ಸೇರಿದ್ದು. ಸಂಶಯವಿದ್ದರೆ ಯ = 0 ಇಟ್ಟು ನೋಡಬಹುದು: 3^2 + 3^0 ಎಂದರೆ 10, ಆದರೆ 3^2 ಎಂದರೆ 9; ಎರಡೂ ಒಂದೇ ಅಲ್ಲ.

ಸರಿಯಾದ ದಾರಿ ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆಯುವುದು. 3^(ಯ+2) ಎಂದರೆ 9 × 3^ಯ. ಹಾಗಾಗಿ ಎಡಭಾಗ ಒಂಬತ್ತು 3^ಯ ಗಳಿಗೆ ಇನ್ನೊಂದು 3^ಯ ಸೇರಿದ್ದು, ಅಂದರೆ 10 × 3^ಯ. ಅದು 90ಕ್ಕೆ ಸಮವಾದ್ದರಿಂದ 3^ಯ = 9, ಯ = 2. ಇದೇ ರೀತಿ 2^(ಯ+1) + 2^(ಯ-1) = 40 ಎಂಬಲ್ಲಿ ಎರಡು ಘಾತಾಂಕಗಳ ಪೈಕಿ ಚಿಕ್ಕದಾದ ಯ-1 ಇರುವ ಪದವನ್ನು ಹೊರಗೆ ತೆಗೆದರೆ ಭಿನ್ನರಾಶಿಗಳ ಗೊಂದಲ ತಪ್ಪುತ್ತದೆ: 2^(ಯ-1) × (4 + 1) = 40, ಆದ್ದರಿಂದ 2^(ಯ-1) = 8, ಯ = 4. ತಾಳೆ: 32 + 8 = 40.

2^ಯ + 2^ಯ ಎಂಬುದು 4^ಯ ಅಲ್ಲ, 2^(2ಯ) ಕೂಡ ಅಲ್ಲ. ಎರಡು 2^ಯ ಗಳಾದ್ದರಿಂದ ಅದು 2^(ಯ+1). ಇಷ್ಟನ್ನು ಗಟ್ಟಿ ಮಾಡಿಕೊಂಡವರಿಗೆ ಈ ಭಾಗದ ಲೆಕ್ಕಗಳು ಮತ್ತೆ ತೊಂದರೆ ಕೊಡವು.

ವರ್ಗ ಸಮೀಕರಣ ಅಡಗಿರುವ ಲೆಕ್ಕಗಳು

4^ಯ - 6 × 2^ಯ + 8 = 0 ಎಂಬುದರಲ್ಲಿ ಸಾಮಾನ್ಯ ಅಪವರ್ತನವಿಲ್ಲ. ಆದರೆ 4^ಯ ಎಂಬುದು (2^ಯ) ದ ವರ್ಗ ಎಂಬುದನ್ನು ಗಮನಿಸಿದರೆ ದಾರಿ ತೆರೆಯುತ್ತದೆ. 2^ಯ = ಮ ಎಂದು ಇಟ್ಟುಕೊಂಡರೆ ಸಮೀಕರಣವು ಮ^2 - 6ಮ + 8 = 0 ಆಗುತ್ತದೆ; ಇದರ ಮೂಲಗಳು 2 ಮತ್ತು 4. ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ, ಏಕೆಂದರೆ ಕೇಳಿದ್ದು ಮ ಅಲ್ಲ. 2^ಯ = 2 ಎಂಬುದರಿಂದ ಯ = 1, 2^ಯ = 4 ಎಂಬುದರಿಂದ ಯ = 2.

ಹೀಗೆ ಹೊಸ ಅಕ್ಷರವನ್ನು ತಂದ ಕೂಡಲೇ ಪಕ್ಕದಲ್ಲಿ 'ಮ > 0' ಎಂದು ಬರೆದಿಟ್ಟುಕೊಳ್ಳುವುದು ಜಾಣತನ. 9^ಯ - 8 × 3^ಯ - 9 = 0 ಎಂಬಲ್ಲಿ 3^ಯ = ಮ ಎಂದಿಟ್ಟರೆ ಮ^2 - 8ಮ - 9 = 0, ಅಂದರೆ ಮ = 9 ಅಥವಾ ಮ = -1. 3ರ ಯಾವ ಘಾತವೂ -1 ಆಗಲಾರದ್ದರಿಂದ ಅದನ್ನು ಕೈಬಿಡಬೇಕು; ಉಳಿಯುವುದು ಯ = 2 ಮಾತ್ರ. ವರ್ಗ ಸಮೀಕರಣಕ್ಕೆ ಎರಡು ಮೂಲಗಳಿವೆ ಎಂದ ಮಾತ್ರಕ್ಕೆ ಮೂಲ ಸಮೀಕರಣಕ್ಕೂ ಎರಡು ಉತ್ತರಗಳಿರಲೇಬೇಕೆಂದಿಲ್ಲ, ಮತ್ತು ಕೈಬಿಟ್ಟದ್ದಕ್ಕೆ ಕಾರಣವನ್ನು ಉತ್ತರದಲ್ಲಿ ಬರೆಯಲೇಬೇಕು.

2^ಯ + 2^(-ಯ) = 5/2 ಎಂಬಂಥ ಸಮೀಕರಣದಲ್ಲಿ ವರ್ಗ ನೇರವಾಗಿ ಕಾಣುವುದಿಲ್ಲ. 2^ಯ = ಮ ಎಂದಿಟ್ಟರೆ 2^(-ಯ) ಎಂದರೆ 1/ಮ. ಎಲ್ಲವನ್ನೂ 2ಮ ದಿಂದ ಗುಣಿಸಿದರೆ 2ಮ^2 - 5ಮ + 2 = 0 ಎಂದಾಗಿ ಮ = 2 ಅಥವಾ 1/2, ಅಂದರೆ ಯ = 1 ಅಥವಾ -1. ಯ ಬದಲು -ಯ ಇಟ್ಟರೂ ಸಮೀಕರಣ ಬದಲಾಗುವುದಿಲ್ಲವಾದ್ದರಿಂದ ಉತ್ತರಗಳು ಧನ-ಋಣ ಜೋಡಿಯಾಗಿ ಬರುವುದು ಸಹಜವೇ.

ಮೂರು ಆಧಾರಗಳಿರುವ ಇನ್ನೊಂದು ಬಗೆ ಹೆಚ್ಚು ಸೊಗಸಾದದ್ದು. 4^ಯ + 6^ಯ = 2 × 9^ಯ ಎಂಬುದನ್ನು ನೋಡಿ. 4 ಎಂದರೆ 2 × 2, 6 ಎಂದರೆ 2 × 3, 9 ಎಂದರೆ 3 × 3. ಇಡೀ ಸಮೀಕರಣವನ್ನು 9^ಯ ದಿಂದ ಭಾಗಿಸಿದರೆ ಮೊದಲ ಪದ (4/9)^ಯ, ಎರಡನೆಯದು (2/3)^ಯ. ಮೊದಲನೆಯದು ಎರಡನೆಯದರ ವರ್ಗ. (2/3)^ಯ = ಮ ಎಂದಿಟ್ಟರೆ ಮ^2 + ಮ - 2 = 0, ಮ = 1 ಅಥವಾ -2. ಋಣವನ್ನು ಬಿಟ್ಟರೆ ಮ = 1, ಆದ್ದರಿಂದ ಯ = 0. 9^ಯ ಎಂದೂ ಸೊನ್ನೆಯಾಗದ್ದರಿಂದಲೇ ಅದರಿಂದ ಭಾಗಿಸಲು ನಮಗೆ ಅಧಿಕಾರ ಸಿಕ್ಕಿತು ಎಂಬುದನ್ನು ಮರೆಯಬಾರದು.

ಆಧಾರಗಳು ಹೊಂದದಿದ್ದಾಗ ಲಾಗರಿದಮ್

2^ಯ = 10 ಎಂಬುದರಲ್ಲಿ ಬಲಭಾಗ 2 × 5; 2ರ ಪೂರ್ಣಾಂಕ ಘಾತವಾಗಲಿ ಭಿನ್ನಾಂಕ ಘಾತವಾಗಲಿ ಅಲ್ಲ. ಆದರೆ ಉತ್ತರವಿಲ್ಲವೆಂದಲ್ಲ. 2^3 = 8, 2^4 = 16 ಆಗಿರುವುದರಿಂದ ಉತ್ತರ 3 ಮತ್ತು 4ರ ನಡುವೆ, 3ಕ್ಕೆ ಹತ್ತಿರದಲ್ಲಿ ಇದೆ. ಅದನ್ನು ನಿಖರವಾಗಿ ಪಡೆಯುವ ಸಾಧನವೇ ಲಾಗರಿದಮ್. ಒಂದು ಸಂಖ್ಯೆಯ ಲಾಗ್ ಎಂದರೆ 10ರ ಮೇಲೆ ಎಷ್ಟು ಘಾತಾಂಕ ಇಟ್ಟರೆ ಆ ಸಂಖ್ಯೆ ಬರುತ್ತದೆಯೋ ಅಷ್ಟು. ಲಾಗ್ 100 = 2, ಲಾಗ್ 1000 = 3. ನಮಗೆ ಬೇಕಾದ ಗುಣ ಒಂದೇ: ಲಾಗ್(ಅ^ಕ) = ಕ × ಲಾಗ್ ಅ. ಘಾತಾಂಕದಲ್ಲಿದ್ದ ಅವ್ಯಕ್ತ ಈ ಗುಣದಿಂದಾಗಿ ಗುಣಕವಾಗಿ ಕೆಳಗಿಳಿಯುತ್ತದೆ.

2^ಯ = 10 ಎಂಬುದರ ಎರಡೂ ಬದಿಗಳಿಗೆ ಲಾಗ್ ತೆಗೆದುಕೊಂಡರೆ ಯ × ಲಾಗ್ 2 = 1. ಲಾಗ್ 2 = 0.3010 ಆದ್ದರಿಂದ ಯ = 1/0.3010, ಸುಮಾರು 3.32. ಅಂದಾಜಿಗೆ ಹೊಂದುತ್ತದೆ. 3^ಯ = 20 ಎಂಬಲ್ಲಿ ಲಾಗ್ 20 = 1.3010, ಲಾಗ್ 3 = 0.4771; ಯ ಸುಮಾರು 2.73. ಇಲ್ಲಿ ಲಾಗ್ 20 ಎಂಬುದನ್ನು ಲಾಗ್ 3ರಿಂದ ಭಾಗಿಸಬೇಕು. 20ನ್ನು 3ರಿಂದ ಭಾಗಿಸಿ ಅದರ ಲಾಗ್ ತೆಗೆದರೆ, ಅಥವಾ ಒಂದು ಲಾಗ್‌ನಿಂದ ಇನ್ನೊಂದನ್ನು ಕಳೆದರೆ ಬರುವುದು ಬೇರೆಯೇ ಸಂಖ್ಯೆ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಸೈಂಟಿಫಿಕ್ ಗುಂಡಿಗಳನ್ನು ತೆರೆದರೆ ಲಾಗ್ ಎಂಬುದರ ಜೊತೆಗೆ ಸ್ವಾಭಾವಿಕ ಲಾಗ್‌ನ ಗುಂಡಿಯೂ (ln; 10ರ ಬದಲು ಬೇರೊಂದು ಆಧಾರದ ಲಾಗ್) ಕಾಣುತ್ತದೆ. ಅಂಶಕ್ಕೂ ಛೇದಕ್ಕೂ ಒಂದೇ ಬಗೆಯ ಲಾಗ್ ಬಳಸುವವರೆಗೆ ಯಾವುದನ್ನು ಒತ್ತಿದರೂ ಉತ್ತರ ಅದೇ.

ಅವ್ಯಕ್ತವು ಎರಡೂ ಬದಿಗಳಲ್ಲಿ ಇದ್ದರೆ, ಲಾಗ್ ತೆಗೆಯುವ ಮೊದಲು ಅದನ್ನು ಒಂದೇ ಕಡೆಗೆ ಕೂಡಿಹಾಕುವುದು ಮೇಲು. 5^(ಯ-1) = 2^(ಯ+2) ಎಂಬುದನ್ನು 5^ಯ / 5 = 4 × 2^ಯ ಎಂದು ಬಿಡಿಸಿ ಬರೆದು, ಅಲ್ಲಿಂದ (5/2)^ಯ = 20 ಎಂದು ಮಾಡಿಕೊಂಡರೆ ಒಂದೇ ಭಾಗಾಕಾರ ಉಳಿಯುತ್ತದೆ: ಯ = ಲಾಗ್ 20 / ಲಾಗ್ 2.5 = 1.3010/0.3979, ಅಂದರೆ ಸುಮಾರು 3.27. ಮೊದಲೇ ಲಾಗ್ ತೆಗೆದರೂ ತಪ್ಪೇನಿಲ್ಲ, ಆದರೆ ಆವರಣಗಳನ್ನು ಬಿಡಿಸಿ ಪದಗಳನ್ನು ಆಚೀಚೆ ಸಾಗಿಸುವಾಗ ಚಿಹ್ನೆಗಳು ತಪ್ಪುವ ಸಂಭವ ಹೆಚ್ಚು.

ಲಾಗ್ ಕೋಷ್ಟಕಗಳನ್ನು ಜಗತ್ತಿಗೆ ಮೊದಲು ಮುದ್ರಿಸಿ ಕೊಟ್ಟವರು ಸ್ಕಾಟ್ಲೆಂಡಿನ ಜಾನ್ ನೇಪಿಯರ್, 1614ರಲ್ಲಿ. 10ನ್ನು ಆಧಾರವಾಗಿಸಿ ಬಳಕೆಗೆ ಸುಲಭ ಮಾಡಿದವರು ಹೆನ್ರಿ ಬ್ರಿಗ್ಸ್, ಅವರ ದೊಡ್ಡ ಕೋಷ್ಟಕ ಬಂದದ್ದು 1624ರಲ್ಲಿ. ಕಲ್ಪನೆಯ ಒಂದು ಎಳೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಒಂಬತ್ತನೆಯ ಶತಮಾನದ ಜೈನ ಆಚಾರ್ಯ ವೀರಸೇನರ 'ಧವಲಾ' ಎಂಬ ವ್ಯಾಖ್ಯಾನಗ್ರಂಥದಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬುದಕ್ಕೆ 'ಅರ್ಧಚ್ಛೇದ' ಎಂಬ ಹೆಸರಿದೆ. 2ನ್ನು ಆಧಾರವಾಗಿಟ್ಟ ಲಾಗ್ ಎಂದರೆ ಅದೇ. ಆ ಗ್ರಂಥದ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಮೂಡಬಿದಿರೆಯಲ್ಲಿ.

ಈ ಸಮೀಕರಣಗಳು ಪರೀಕ್ಷೆಯ ಹೊರಗೆ ಎದುರಾಗುವಾಗ ಆಧಾರಗಳು ಹೊಂದುವುದು ಅಪರೂಪ. ವರ್ಷಕ್ಕೆ ಶೇಕಡಾ 7ರ ಚಕ್ರಬಡ್ಡಿಯಲ್ಲಿ ಇಟ್ಟ ಹಣ ಎರಡರಷ್ಟಾಗಲು ಎಷ್ಟು ವರ್ಷ ಬೇಕೆಂದರೆ (1.07)^ಯ = 2 ಎಂಬುದನ್ನು ಬಿಡಿಸಬೇಕು. ಲಾಗ್ 1.07 = 0.02938, 0.3010ನ್ನು ಅದರಿಂದ ಭಾಗಿಸಿದರೆ ಸುಮಾರು 10.2 ವರ್ಷ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಕು ಎಂದು ಹಣಕಾಸಿನವರು ಹೇಳುವ ಬಾಯಿಲೆಕ್ಕ 10.3 ಕೊಡುತ್ತದೆ, ಅದರ ಬೇರು ಇಲ್ಲಿದೆ. ಬಡ್ಡಿಯನ್ನು ವರ್ಷಕ್ಕೊಮ್ಮೆ ಮಾತ್ರ ಸೇರಿಸುವ ಠೇವಣಿಯಾದರೆ ಹಣ ನಿಜವಾಗಿ ಎರಡರಷ್ಟನ್ನು ದಾಟುವುದು 11ನೆಯ ವರ್ಷದ ಕೊನೆಗೆ; ಲೆಕ್ಕದ ಉತ್ತರವನ್ನು ಸಂದರ್ಭಕ್ಕೆ ತಕ್ಕಂತೆ ಓದಿಕೊಳ್ಳಬೇಕಾಗುತ್ತದೆ. ಥೈರಾಯ್ಡ್ ಚಿಕಿತ್ಸೆಯಲ್ಲಿ ಬಳಸುವ ಅಯೋಡಿನ್-131 ಸುಮಾರು 8 ದಿನಗಳಿಗೊಮ್ಮೆ ಅರ್ಧದಷ್ಟಾಗುತ್ತದೆ. ವಿಕಿರಣದ ಕ್ಷಯವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ಅದು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಲು ಬೇಕಾದ ಅರ್ಧಾಯುಷ್ಯಗಳ ಸಂಖ್ಯೆ (1/2)^ಯ = 1/10 ಎಂಬುದರಿಂದ ಬರುತ್ತದೆ; ಇದು ಮೇಲೆ ಬಿಡಿಸಿದ 2^ಯ = 10 ಎಂಬುದೇ. 3.32 ಅರ್ಧಾಯುಷ್ಯಗಳು, ಅಂದರೆ ಸುಮಾರು 26 ರಿಂದ 27 ದಿನ.

ಸೂತ್ರಕ್ಕೆ ಸಿಗದವು

4^ಯ + 6^ಯ = 9^ಯ ಎಂಬುದನ್ನು 9^ಯ ದಿಂದ ಭಾಗಿಸಿ, ಹಿಂದಿನಂತೆ (2/3)^ಯ = ಮ ಎಂದಿಟ್ಟರೆ ಮ^2 + ಮ - 1 = 0 ಸಿಗುತ್ತದೆ; ಧನ ಮೂಲ ಸುಮಾರು 0.618, ಲಾಗ್ ಮೂಲಕ ಯ ಸುಮಾರು 1.19. ಆದರೆ 3^ಯ + 4^ಯ = 5^ಯ ಎಂಬುದು ಅದೇ ರೂಪದಲ್ಲಿ ಕಂಡರೂ ಅದೇ ದಾರಿಗೆ ಬರುವುದಿಲ್ಲ, ಏಕೆಂದರೆ 3/5 ಎಂಬುದು 4/5ರ ವರ್ಗವಲ್ಲ. ಯ = 2 ಹೊಂದುತ್ತದೆ ಎಂಬುದು ಪೈಥಾಗೊರಸ್ ಪ್ರಮೇಯ ಓದಿದ ಎಲ್ಲರಿಗೂ ಗೊತ್ತು. ಬೇರೆ ಉತ್ತರ ಇಲ್ಲವೆಂದು ಹೇಗೆ ಹೇಳುವುದು? 5^ಯ ದಿಂದ ಭಾಗಿಸಿ (3/5)^ಯ + (4/5)^ಯ = 1 ಎಂದು ಬರೆದರೆ, ಎಡಭಾಗದ ಎರಡೂ ಪದಗಳು ಯ ಹೆಚ್ಚಿದಂತೆ ಕಡಿಮೆಯಾಗುತ್ತಲೇ ಹೋಗುತ್ತವೆ. ಹೀಗೆ ಒಂದೇ ಸಮನೆ ಇಳಿಯುವ ಮೊತ್ತ 1 ಎಂಬ ಬೆಲೆಯನ್ನು ಒಂದೇ ಒಂದು ಸಲ ಹಾಯಬಲ್ಲದು. ಆದ್ದರಿಂದ ಯ = 2 ಒಂದೇ ಉತ್ತರ. ಊಹೆಯಿಂದ ಉತ್ತರ ಕಂಡುಕೊಳ್ಳುವುದು ತಪ್ಪಲ್ಲ. ಅದರ ಬೆನ್ನಿಗೆ ಇಂಥದೊಂದು ವಾದ ಇರಬೇಕು ಅಷ್ಟೇ. ವಾದವಿಲ್ಲದ ಊಹೆ ಎಡವುವುದನ್ನು 2^ಯ = ಯ^2 ಎಂಬಲ್ಲಿ ಕಾಣಬಹುದು: 2 ಸಿಕ್ಕಿತೆಂದು ನಿಲ್ಲಿಸುವವರಿಗೆ 4 ತಪ್ಪಿಹೋಗುತ್ತದೆ, ಎರಡನ್ನೂ ಕಂಡವರಿಗೆ ಸುಮಾರು -0.767ರ ಬಳಿ ಇರುವ ಮೂರನೆಯದು ತಪ್ಪಿಹೋಗುತ್ತದೆ. ಎರಡು ವಕ್ರರೇಖೆಗಳನ್ನೂ ಗ್ರಾಫ್ ಹಾಳೆಯ ಮೇಲೆ ಎಳೆದರೆ ಮೂರೂ ಛೇದಬಿಂದುಗಳು ಕಾಣುತ್ತವೆ.

ಅವ್ಯಕ್ತವು ಆಧಾರದಲ್ಲೂ ಘಾತಾಂಕದಲ್ಲೂ ಇದ್ದಾಗ ಮೊದಲು ಬದಿಗಿಟ್ಟ ಷರತ್ತು ಎದುರು ಬಂದು ನಿಲ್ಲುತ್ತದೆ. (ಯ-3)^(ಯ+2) = 1 ಎಂಬುದಕ್ಕೆ ಘಾತಾಂಕ ಸೊನ್ನೆ ಎಂದಷ್ಟೇ ಬರೆದು ಯ = -2 ಎಂದು ಮುಗಿಸಿದರೆ ಉತ್ತರ ಅಪೂರ್ಣ. ಆಧಾರವೇ 1 ಆಗುವ ಸಂದರ್ಭವಿದೆ: ಯ = 4, ಆಗ 1^6 = 1. ಆಧಾರ -1 ಆಗಿ ಘಾತಾಂಕ ಸಮಸಂಖ್ಯೆಯಾಗುವ ಸಂದರ್ಭವೂ ಇದೆ: ಯ = 2, ಆಗ (-1)^4 = 1. ಘಾತಾಂಕ ಸೊನ್ನೆಯಾಗುವ ಕಡೆ ಆಧಾರವೂ ಸೊನ್ನೆಯಾಗಿಲ್ಲವೇ ಎಂದು ನೋಡಬೇಕು; ಯ = -2 ಇಟ್ಟಾಗ ಆಧಾರ -5, ಹಾಗಾಗಿ ತೊಂದರೆಯಿಲ್ಲ. ಒಟ್ಟು ಉತ್ತರಗಳು -2, 2 ಮತ್ತು 4. ಘಾತಾಂಕ ಯ+2 ಬದಲು ಯ+3 ಆಗಿದ್ದರೆ ಯ = 2 ಇಟ್ಟಾಗ (-1)^5 = -1 ಬರುತ್ತಿದ್ದುದರಿಂದ ಅದನ್ನು ಬಿಡಬೇಕಾಗುತ್ತಿತ್ತು.

ಕೈ ಪಳಗಿಸಲು ಐದು ಲೆಕ್ಕಗಳು

27^ಯ = 81^(ಯ-2); 5^(ಯ+1) - 5^(ಯ-1) = 600; 25^ಯ - 4 × 5^ಯ - 5 = 0; 7^ಯ = 50; 3^ಯ = 11 - ಯ. ಇವುಗಳ ಉತ್ತರಗಳು ಕ್ರಮವಾಗಿ 8, 3, 1, ಸುಮಾರು 2.01 ಮತ್ತು 2. ನಾಲ್ಕನೆಯದಕ್ಕೆ ಲಾಗ್ 7 = 0.8451 ಎಂಬುದು ಬೇಕಾಗುತ್ತದೆ. ಕೊನೆಯದರಲ್ಲಿ ಎಡಭಾಗ ಏರುತ್ತದೆ, ಬಲಭಾಗ ಇಳಿಯುತ್ತದೆ ಎಂಬುದನ್ನು ಬರೆದರೆ ಮಾತ್ರ ಉತ್ತರ ಪೂರ್ಣವಾಗುತ್ತದೆ.